ಎದುರುಗಾಳಿಯ ತೂಕ: ಸೈಕಲ್ ಗಾಲಿಯನ್ನು ಗಾಳಿಯಲ್ಲಿಟ್ಟು ಅಳೆದ ಕಥೆ

ಆಷಾಢದಲ್ಲಿ ಕಲಬುರಗಿಯಿಂದ ಕಮಲಾಪುರಕ್ಕೆ ಸೈಕಲ್ ತುಳಿದವರಿಗೆ ಒಂದು ಮಾತು ಗೊತ್ತು. ಹೋಗುವಾಗ ಗಾಳಿ ಬೆನ್ನಿಗೆ ಕೈಯಿಟ್ಟು ದೂಡುತ್ತದೆ. ಬರುವಾಗ ಅದೇ ಗಾಳಿ ಎದೆಗೆ ಕೈಕೊಟ್ಟು ನಿಲ್ಲಿಸುತ್ತದೆ. ನೈರುತ್ಯದಿಂದ ಬೀಸುವ ಮುಂಗಾರು ಗಾಳಿ, ಈಶಾನ್ಯದ ಕಡೆಗೆ ಹೋಗುವ ಹುಮನಾಬಾದ್ ರಸ್ತೆ. ಲೆಕ್ಕ ಸರಳ, ತೊಡೆಗೆ ಮಾತ್ರ ಸರಳವಲ್ಲ.

ಈ ಗಾಳಿಯ ಲೆಕ್ಕ ಹೋದ ವರ್ಷ ಒಂದು ಮನೆಯ ಎಮ್ಮೆಯ ತನಕ ಬಂತು. ಅಲ್ಲಿಂದ ಈ ಬರಹ ಶುರುವಾಗಿದೆ.

ಕಮಲಾಪುರ ತಾಲೂಕಿನ ಒಂದು ಊರಿನ ಹುಡುಗ. ಹತ್ತನೇ ಕ್ಲಾಸ್ ಮುಗಿಸಿದ್ದ. ಜಾತ್ರೆಯ ಸೈಕಲ್ ಓಟಗಳಲ್ಲಿ ಎರಡು ಸಲ ಮೊದಲು ಬಂದಿದ್ದ. ಹಳೇ ರೇಸ್ ಸೈಕಲ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದರು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅವನಿಗೆ ಒಂದು ಮಾತು ತಲೆಗೆ ಹೊಕ್ಕಿತ್ತು: ಕಾರ್ಬನ್ ಗಾಲಿ ಹಾಕಿದರೆ ಮಾತ್ರ ಗೆಲುವು. ಆ ಗಾಲಿ ಜೋಡಿಯ ಬೆಲೆ ಹಾಲು ಕೊಡುವ ಒಂದು ಎಮ್ಮೆಯ ಬೆಲೆ. ಅಪ್ಪ ಎಮ್ಮೆ ಮಾರಲು ತಯಾರಿದ್ದರು. ‘ನೀವು ಪೇಪರ್‌ನವರು, ಓದಿದವರು. ಖರೇನೇ ಆ ಗಾಲಿಯಾಗ ಅಷ್ಟು ಸತ್ವ ಅದಾ ಏನ್ರಿ?’ ಎಂದು ನಮ್ಮನ್ನು ಕೇಳಿದರು.

ನಮಗೆ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದೆವು. ಸಿಕ್ಕಿದ್ದು ಇನ್ನೂರು ವರ್ಷದ ಇತಿಹಾಸ.

ವಿಮಾನಕ್ಕೆಂದು ಹುಟ್ಟಿದ ಗಾಲಿ

ಮೊದಲು ಬ್ರಹ್ಮಪುರಕ್ಕೆ ಹೋದೆವು. ಶರಣಬಸವೇಶ್ವರ ಗುಡಿಯ ಆಚೆ ಓಣಿಯಲ್ಲಿ ನಮಗೆ ಪರಿಚಯದ ಹಳೇ ಸೈಕಲ್ ಮಿಸ್ತ್ರಿ ಒಬ್ಬರಿದ್ದಾರೆ. ಮಾತಾಡುತ್ತಲೇ ಒಂದು ಗಾಲಿಯ ಬೆಂಡು ತೆಗೆಯುತ್ತಿದ್ದರು. ಕಡ್ಡಿಯನ್ನು ಬೆರಳಿನಿಂದ ಮೀಟಿ, ಸಪ್ಪಳ ಕೇಳಿ, ಚಾವಿ ತಿರುವುತ್ತಿದ್ದರು. ‘ಕರೀ ಸೈಕಲ್ಲಿಗೆ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕ 40. ಒಂದು ಸಡಲಾದ್ರೂ ಗಾಲಿ ಕುಣೀತದ. ಇವು ಭಾರ ಹೊರೂದಿಲ್ರೀ, ಎಳೀತಾವ’ ಎಂದರು.

ಆ ಕೊನೆಯ ಮಾತಿನಲ್ಲೇ ಇತಿಹಾಸವಿದೆ. ಎತ್ತಿನ ಬಂಡಿಯ ಗಾಲಿಯಲ್ಲಿ ಕಟ್ಟಿಗೆಯ ಅರಗಳು ಕೆಳಗಿನಿಂದ ಭಾರ ಹೊರುತ್ತವೆ, ಕಂಬ ಮನೆಯನ್ನು ಹೊತ್ತ ಹಾಗೆ. ಸೈಕಲ್ಲಿನ ತಂತಿ ಕಡ್ಡಿಗಳು ರಿಮ್ಮನ್ನು ಎಲ್ಲ ಕಡೆಯಿಂದ ಬಿಗಿದು ಎಳೆದಿರುತ್ತವೆ. ಅದಕ್ಕೇ ಅವು ಅಷ್ಟು ತೆಳ್ಳಗಿದ್ದರೂ ಗಾಲಿ ಗಟ್ಟಿ. ಈ ಉಪಾಯ ಹೊಳೆದದ್ದು ಇಂಗ್ಲೆಂಡಿನ ಜಾರ್ಜ್ ಕೇಲಿ ಅವರಿಗೆ, 1808ರಲ್ಲಿ. ಆಗ ಪೆಡಲ್ ಇರುವ ಸೈಕಲ್ಲೇ ಇರಲಿಲ್ಲ. ಕೇಲಿಗೆ ಬೇಕಾಗಿದ್ದು ಹಾರುವ ಯಂತ್ರಕ್ಕೆ ಹಗುರವಾದ ಗಾಲಿ. ಸೈಕಲ್ ಗಾಲಿಯ ಮೂಲ ವಿಚಾರ ವಿಮಾನದ ಕನಸಿನಿಂದ ಬಂದದ್ದು.

1869ರಲ್ಲಿ ಪ್ಯಾರಿಸ್ಸಿನ ಯೂಜೀನ್ ಮೇಯರ್ ಸೈಕಲ್ಲಿಗೆ ತಂತಿ ಕಡ್ಡಿಯ ಗಾಲಿಗೆ ಪೇಟೆಂಟ್ ಪಡೆದರು. 1874ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಕಡ್ಡಿಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟುವ ರೀತಿ ತಂದರು. ಬ್ರಹ್ಮಪುರದ ಮಿಸ್ತ್ರಿ ಇಂದಿಗೂ ಕಟ್ಟುವುದು ಅದೇ ರೀತಿ. 1888ರಲ್ಲಿ ಡನ್‌ಲಪ್ ಅವರ ಹವಾ ತುಂಬಿದ ಟೈರು ಬಂತು. ಅಲ್ಲಿಗೆ ಗಾಲಿ ಪೂರ್ತಿಯಾಯಿತು. ಆಮೇಲೆ ಸುಮಾರು ನೂರು ವರ್ಷ ಅದರ ಆಕಾರ ಹೆಚ್ಚು ಬದಲಾಗಲಿಲ್ಲ.

ಗಾಳಿಯನ್ನು ತೂಗಿದ ಸೈಕಲ್ ಅಂಗಡಿ

ಗಾಲಿ ಗಾಳಿಯ ಋಣ ತೀರಿಸಿದ್ದು 1901ರಲ್ಲಿ, ಅಮೆರಿಕದ ಡೇಟನ್ ಎಂಬ ಊರಿನಲ್ಲಿ. ಅಲ್ಲಿ ಅಣ್ಣತಮ್ಮ ಇಬ್ಬರು ಸೈಕಲ್ ಅಂಗಡಿ ಇಟ್ಟಿದ್ದರು. ವಿಲ್ಬರ್ ಮತ್ತು ಆರ್ವಿಲ್ ರೈಟ್. ಅವರು ಮಾಡಿದ ಗ್ಲೈಡರ್ ಲೆಕ್ಕದ ಪ್ರಕಾರ ಮೇಲೇಳಲಿಲ್ಲ. ಪುಸ್ತಕದಲ್ಲಿದ್ದ ಗಾಳಿಯ ಲೆಕ್ಕವೇ ತಪ್ಪಿರಬಹುದು ಎಂಬ ಅನುಮಾನ ಬಂತು.

ಅವರು ಏನು ಮಾಡಿದರು ನೋಡಿ. ಒಂದು ಸೈಕಲ್ಲಿನ ಹ್ಯಾಂಡಲ್ ಮುಂದೆ ಮೂರನೇ ಗಾಲಿಯೊಂದನ್ನು ಅಡ್ಡಡ್ಡ ಮಲಗಿಸಿ, ಸಲೀಸಾಗಿ ತಿರುಗುವಂತೆ ಕೂರಿಸಿದರು. ಅದರ ರಿಮ್ಮಿನ ಒಂದು ಕಡೆ ರೆಕ್ಕೆಯ ಆಕಾರದ ತಗಡು, ಇನ್ನೊಂದು ಕಡೆ ಚಪ್ಪಟೆ ತಗಡು. ಬೀದಿಯಲ್ಲಿ ಜೋರಾಗಿ ತುಳಿದರು. ಯಾವ ತಗಡಿನ ಮೇಲೆ ಗಾಳಿಯ ಬಲ ಹೆಚ್ಚೋ ಆ ಕಡೆಗೆ ಗಾಲಿ ತಿರುಗುತ್ತಿತ್ತು. ಸೈಕಲ್ಲೇ ತಕ್ಕಡಿಯಾಯಿತು.

ಬೀದಿಯ ಗಾಳಿ ಒಂದೇ ಸಮ ಇರುವುದಿಲ್ಲ. ಹಾಗಾಗಿ ಅದೇ ವರ್ಷ ಅಂಗಡಿಯಲ್ಲೇ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಮಾಡಿದರು. ಉದ್ದ 6 ಅಡಿ, ಒಳಗೆ 16 ಅಂಗುಲ ಚೌಕ. ಒಂದು ತುದಿಯಲ್ಲಿ ಫ್ಯಾನು. ಒಳಗೆ ಬಲ ಅಳೆಯುವ ಪುಟ್ಟ ತಕ್ಕಡಿ. ಅದನ್ನು ಮಾಡಿದ್ದು ಹಳೇ ಗರಗಸದ ಬ್ಲೇಡು ಮತ್ತು ಸೈಕಲ್ ಕಡ್ಡಿಯಿಂದ. ಸುಮಾರು 200 ನಮೂನೆಯ ರೆಕ್ಕೆಗಳನ್ನು ಅದರಲ್ಲಿ ಪರೀಕ್ಷೆ ಮಾಡಿದರು. 1903ರ ಡಿಸೆಂಬರ್ 17ರಂದು ಅವರ ವಿಮಾನ ಹಾರಿತು.

ಇಂಥ ಪೆಟ್ಟಿಗೆಗೆ ಈಗ ಗಾಳಿ ಸುರಂಗ ಎನ್ನುತ್ತಾರೆ. ಮೊದಲನೆಯದನ್ನು ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ವೆನ್‌ಹ್ಯಾಮ್ 1871ರಲ್ಲೇ ಮಾಡಿದ್ದರು. ರೈಟ್ ಸಹೋದರರು ಅದರಿಂದ ನಂಬಬಹುದಾದ ಅಂಕಿ ತೆಗೆದರು.

ನಮ್ಮ ರಾಜ್ಯಕ್ಕೂ ಈ ಸುರಂಗ ದೂರದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವಿಮಾನ ವಿಜ್ಞಾನ ವಿಭಾಗ ಶುರುವಾಯಿತು. 1959ರ ಹೊತ್ತಿಗೆ ಅಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ ದೊಡ್ಡ ಗಾಳಿ ಸುರಂಗ ತಯಾರಾಯಿತು. ಒಳಗೆ ಒಂದು ಎತ್ತಿನ ಬಂಡಿ ನಿಲ್ಲಿಸಬಹುದು ಎಂದರೆ ಅಳತೆ ಅಂದಾಜಾದೀತು. ವಿಮಾನದ ಮಾದರಿಗಳು ಮಾತ್ರವಲ್ಲ, ಎತ್ತರದ ಕಟ್ಟಡಗಳ ಮಾದರಿಗಳನ್ನೂ ಅಲ್ಲಿ ಗಾಳಿಗೆ ಒಡ್ಡಿ ನೋಡಿದ್ದಾರೆ. ಆಮೇಲೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1967ರಲ್ಲಿ ಶಬ್ದದ ವೇಗ ಮೀರುವ ಸುರಂಗ ಕೆಲಸ ಶುರು ಮಾಡಿತು.

ಗಾಲಿಯ ಮೇಲ್ತುದಿ ಎರಡು ಪಟ್ಟು ಓಡುತ್ತದೆ

ಇಷ್ಟಕ್ಕೂ ಗಾಳಿ ಗಾಲಿಗೆ ಏನು ಮಾಡುತ್ತದೆ?

ಉರುಳುವ ಗಾಲಿಯಲ್ಲಿ ನೆಲ ಮುಟ್ಟಿದ ಜಾಗ ಆ ಗಳಿಗೆಗೆ ನಿಂತೇ ಇರುತ್ತದೆ. ನಡುವಿನ ಗುಂಬ ಸೈಕಲ್ಲಿನ ವೇಗದಲ್ಲಿ ಹೋಗುತ್ತದೆ. ಮೇಲ್ತುದಿ ಎರಡು ಪಟ್ಟು ವೇಗದಲ್ಲಿ ಮುಂದೆ ನುಗ್ಗುತ್ತದೆ. ನೀವು 30 ಕಿ.ಮೀ. ವೇಗದಲ್ಲಿದ್ದರೆ ಗಾಲಿಯ ನೆತ್ತಿ 60ರಲ್ಲಿದೆ. ಅಲ್ಲಿ ಕಡ್ಡಿಗಳು ಗಾಳಿಯನ್ನು ಕಡೆಗೋಲಿನ ಹಾಗೆ ಕಡೆಯುತ್ತವೆ.

ಕಡ್ಡಿ ದುಂಡಗಿರುವುದು ಇನ್ನೊಂದು ತೊಂದರೆ. ದುಂಡು ಸರಳಿನ ಹಿಂದೆ ಗಾಳಿ ಸುಳಿಸುಳಿಯಾಗಿ ಒಡೆದು ಹಿಂದಕ್ಕೆ ಎಳೆಯುತ್ತದೆ. ಅಷ್ಟೇ ದಪ್ಪದ ಮೀನಿನಾಕಾರದ ಸರಳಿಗೆ ಈ ಎಳೆತ ಸುಮಾರು ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ರೇಸ್ ಗಾಲಿಯಲ್ಲಿ ಚಪ್ಪಟೆ ಕಡ್ಡಿ, ಕಡಿಮೆ ಕಡ್ಡಿ, ಆಳವಾದ ರಿಮ್. ಪೂರ್ತಿ ಮುಚ್ಚಿದರೆ ಅದು ಡಿಸ್ಕ್ ಗಾಲಿ. ರೊಟ್ಟಿ ತಟ್ಟಿ ನಿಲ್ಲಿಸಿದ ಹಾಗೆ.

ಗಾಳಿಯ ಎಳೆತ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ತುಳಿಯುವ ಶಕ್ತಿಯಂತೂ ಎಂಟು ಪಟ್ಟು ಬೇಕು. ನೀವು 15 ಕಿ.ಮೀ. ವೇಗದಲ್ಲಿ ಹೊರಟಾಗ 20 ಕಿ.ಮೀ. ವೇಗದ ಗಾಳಿ ನೇರ ಎದುರಿಗೆ ಬಂದರೆ, ನಿಮ್ಮ ಎದೆಗೆ ಬಡಿಯುವುದು 35 ಕಿ.ಮೀ. ಗಾಳಿ. ಎಳೆತ ಐದು ಪಟ್ಟಿಗಿಂತ ಹೆಚ್ಚು. ಆಷಾಢದಲ್ಲಿ ಕಮಲಾಪುರದಿಂದ ವಾಪಸ್ ಬರುವವರು ದಣಿಯುವುದು ಅಶಕ್ತಿಯಿಂದ ಅಲ್ಲ.

ಗಾಳಿಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರ್ ಬೆಳಗಿನ 15 ಡಿಗ್ರಿ ಚಳಿಗೆ ಹೋಲಿಸಿದರೆ ಮೇ ಮಧ್ಯಾಹ್ನದ 40 ಡಿಗ್ರಿಯಲ್ಲಿ ನಮ್ಮ ಕಲಬುರಗಿಯ ಗಾಳಿ ಶೇ 8ರಷ್ಟು ತೆಳ್ಳಗಾಗುತ್ತದೆ. ಬಿಸಿಲಿನಿಂದ ನಮಗೆ ಸಿಗುವ ಒಂದೇ ಉಪಕಾರ ಇದಿರಬೇಕು.

ಮೆಕ್ಸಿಕೋದ ಒಂದು ಗಂಟೆ, ಪ್ಯಾರಿಸ್ಸಿನ ಎಂಟು ಸೆಕೆಂಡು

ಇಷ್ಟೆಲ್ಲ ಗೊತ್ತಿದ್ದರೂ ಸೈಕಲ್ ಓಟದವರು ಬಹಳ ಕಾಲ ಗಾಲಿಯನ್ನು ಮುಟ್ಟಲಿಲ್ಲ. ಬದಲಾವಣೆ ಬಂದದ್ದು 1970ರ ದಶಕದಲ್ಲಿ. ಅಮೆರಿಕದ ಲಾಂಗ್ ಬೀಚ್‌ನಲ್ಲಿ ಚೆಸ್ಟರ್ ಕೈಲ್ ಎಂಬ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳನ್ನು ಕಾಲೇಜಿನ ಉದ್ದನೆಯ ಕಾರಿಡಾರಿನಲ್ಲಿ ಸೈಕಲ್ ಮೇಲೆ ಬಿಟ್ಟರು. ಒಂದು ವೇಗಕ್ಕೆ ಬಂದ ಮೇಲೆ ತುಳಿಯುವುದು ನಿಲ್ಲಿಸಬೇಕು. ವೇಗ ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆದರೆ ಎಳೆತ ಎಷ್ಟು ಎಂದು ತಿಳಿಯುತ್ತದೆ. ಸುರಂಗವೂ ಬೇಡ, ತಕ್ಕಡಿಯೂ ಬೇಡ. ಜೋರು ಓಟದಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿಯ ಪಾಲಾಗುತ್ತದೆ ಎಂದು ಅಂಥ ಪರೀಕ್ಷೆಗಳು ತೋರಿಸಿದವು.

ಜಗತ್ತು ಕಣ್ಣರಳಿಸಿದ್ದು 1984ರ ಜನವರಿಯಲ್ಲಿ. ಒಂದು ಗಂಟೆಯಲ್ಲಿ ಎಷ್ಟು ದೂರ ತುಳಿಯಬಹುದು ಎಂಬುದು ಸೈಕ್ಲಿಂಗಿನ ದೊಡ್ಡ ದಾಖಲೆ. 1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೋ ನಗರದಲ್ಲಿ 49.431 ಕಿ.ಮೀ. ತುಳಿದಿದ್ದರು. ಹನ್ನೊಂದು ವರ್ಷ ಯಾರೂ ಮುರಿದಿರಲಿಲ್ಲ. ಇಟಲಿಯ ಫ್ರಾನ್ಸೆಸ್ಕೋ ಮೋಸರ್ ಎರಡೂ ಡಿಸ್ಕ್ ಗಾಲಿ ಹಾಕಿಕೊಂಡು ಅದೇ ಊರಿಗೆ ಬಂದರು. ಜನವರಿ 19ರಂದು 50.808 ಕಿ.ಮೀ., ನಾಲ್ಕು ದಿನ ಬಿಟ್ಟು 51.151 ಕಿ.ಮೀ. ಮೆಕ್ಸಿಕೋ ನಗರ ಎತ್ತರದ ಮೇಲಿದೆ, ಅಲ್ಲಿನ ಗಾಳಿ ಸಮುದ್ರ ಮಟ್ಟದ ಗಾಳಿಗಿಂತ ಸುಮಾರು ಐದರಲ್ಲೊಂದು ಭಾಗ ತೆಳು. ಮರ್ಕ್ಸ್ ಅವರಿಗೂ ಅದೇ ತೆಳು ಗಾಳಿ ಇತ್ತು, ಮೋಸರ್ ಅವರ ಗಾಲಿ, ಸೈಕಲ್ ಮಾತ್ರ ಬೇರೆ.

ಇದು ಸವಾರನ ಗೆಲುವೋ, ಗಾಲಿಯ ಗೆಲುವೋ? ಈ ಜಗಳ ಮೂವತ್ತು ವರ್ಷ ನಡೆಯಿತು. 2000ದಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮೋಸರ್ ಮತ್ತು ಅವರ ನಂತರದವರ ದಾಖಲೆಗಳನ್ನು ಬೇರೆ ಪಟ್ಟಿಗೆ ಸರಿಸಿ, ಮರ್ಕ್ಸ್ ಕಾಲದ ಥರದ ಸೈಕಲ್ಲೇ ಬೇಕು ಎಂದಿತು. 2014ರಲ್ಲಿ ನಿಯಮ ಮತ್ತೆ ಸಡಿಲಾಯಿತು. 2022ರ ಅಕ್ಟೋಬರಿನಲ್ಲಿ ಇಟಲಿಯ ಫಿಲಿಪ್ಪೋ ಗನ್ನಾ 56.792 ಕಿ.ಮೀ. ತುಳಿದರು.

ಎಮ್ಮೆಯ ಅಪ್ಪನಿಗೆ ನಾವು ಹೇಳಿದ್ದು ಮಾತ್ರ 1989ರ ಕಥೆ. ಆ ವರ್ಷದ ಟೂರ್ ದ ಫ್ರಾನ್ಸ್ ಓಟದ ಕೊನೆಯ ದಿನ, ಜುಲೈ 23. ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ 24.5 ಕಿ.ಮೀ., ಒಬ್ಬೊಬ್ಬರೇ ಗಡಿಯಾರದ ಎದುರು ತುಳಿಯಬೇಕು. ಫ್ರಾನ್ಸಿನ ಲೋರಾಂ ಫಿನ್ಯೋ 50 ಸೆಕೆಂಡು ಮುಂದಿದ್ದರು. ಅವರ ಸೈಕಲ್ಲಿಗೆ ಹಿಂದೆ ಮುಂದೆ ಎರಡೂ ಡಿಸ್ಕ್ ಗಾಲಿ. ತಲೆಗೆ ಹೆಲ್ಮೆಟ್ ಇರಲಿಲ್ಲ, ಜುಟ್ಟು ಗಾಳಿಗೆ ಹಾರುತ್ತಿತ್ತು. ಅಮೆರಿಕದ ಗ್ರೆಗ್ ಲೆಮಾಂಡ್ ಹಿಂದೆ ಮಾತ್ರ ಡಿಸ್ಕ್ ಹಾಕಿದ್ದರು. ಮುಂದೆ ಕಡ್ಡಿಯ ಗಾಲಿ. ಆದರೆ ಅವರ ಹ್ಯಾಂಡಲ್ಲಿಗೆ ಮೊಣಕೈ ಊರುವ ಕಂಬಿ ಇತ್ತು. ಎರಡೂ ಕೈ ಮುಂದೆ ಚಾಚಿ, ಎದೆ ಬಗ್ಗಿಸಿ, ನೂಲು ಹಾಯುವ ಸೂಜಿಯ ಹಾಗೆ ಹೋದರು. ಮೂರು ವಾರದ ಓಟ ಕೊನೆಗೆ 8 ಸೆಕೆಂಡಿನಲ್ಲಿ ತೀರ್ಮಾನವಾಯಿತು. ಗೆದ್ದದ್ದು ಲೆಮಾಂಡ್.

ಒಂದು ಓಟದಿಂದ ಶಾಸ್ತ್ರ ಹೇಳಬಾರದು, ಕಾಲಿನ ಶಕ್ತಿಯೂ ಇತ್ತು. ಆದರೂ ಎರಡು ಡಿಸ್ಕ್ ಗಾಲಿ ಇದ್ದವರು ಸೋತರು ಎಂಬುದು ಆ ಅಪ್ಪನಿಗೆ ತಟ್ಟಿತು.

ಸುರಂಗದಲ್ಲಿ ಗಾಲಿ ಹೇಗೆ ಅಳೆಯುತ್ತಾರೆ

ಸುರಂಗದೊಳಗೆ ಒಂದು ಕಂಬಕ್ಕೆ ಗಾಲಿಯನ್ನು ಕೂರಿಸುತ್ತಾರೆ. ಕೆಳಗಿನ ರೋಲರ್ ಅದನ್ನು ತಿರುಗಿಸುತ್ತದೆ. ನಿಂತ ಗಾಲಿಯ ಲೆಕ್ಕ ಬೇರೆ, ತಿರುಗುವ ಗಾಲಿಯ ಲೆಕ್ಕ ಬೇರೆ, ಅದಕ್ಕೇ ತಿರುಗಿಸಲೇಬೇಕು. ಎದುರಿನಿಂದ ಸಾಮಾನ್ಯವಾಗಿ ಗಂಟೆಗೆ 48 ಕಿ.ಮೀ. ವೇಗದ ಗಾಳಿ ಬಿಡುತ್ತಾರೆ. ಕಂಬದ ಬುಡದ ಸೂಕ್ಷ್ಮ ತಕ್ಕಡಿ ಗಾಲಿಯನ್ನು ಗಾಳಿ ಎಷ್ಟು ಗ್ರಾಂ ಬಲದಲ್ಲಿ ಹಿಂದಕ್ಕೆ ದೂಡಿತು ಎಂದು ಬರೆದುಕೊಳ್ಳುತ್ತದೆ. ಬರೀ ಕಂಬವನ್ನು ಮೊದಲೇ ಅಳೆದಿಟ್ಟು ಅದರ ಪಾಲನ್ನು ಕಳೆಯುತ್ತಾರೆ. ಸಂತೆಯಲ್ಲಿ ಡಬ್ಬಿಯ ತೂಕ ಕಳೆದು ಎಣ್ಣೆ ತೂಗಿದ ಹಾಗೆ.

ಆಮೇಲೆ ಗಾಲಿಯನ್ನು ಸ್ವಲ್ಪ ಸ್ವಲ್ಪ ಓರೆ ಮಾಡುತ್ತಾರೆ, ಸೊನ್ನೆಯಿಂದ 20 ಡಿಗ್ರಿ ತನಕ. ಏಕೆಂದರೆ ರಸ್ತೆಯಲ್ಲಿ ಗಾಳಿ ನೇರ ಎದುರಿಗೇ ಬರುವುದು ಅಪರೂಪ. ನೀವು 40ರಲ್ಲಿ ಹೋಗುವಾಗ ಪಕ್ಕದಿಂದ 10 ಕಿ.ಮೀ. ಗಾಳಿ ಬೀಸಿದರೆ ಅದು ಗಾಲಿಗೆ 14 ಡಿಗ್ರಿ ಓರೆಯಲ್ಲಿ ತಾಗುತ್ತದೆ. ಓರೆ ಗಾಳಿಯಲ್ಲಿ ಆಳ ರಿಮ್ಮಿನ ಗಾಲಿ, ಡಿಸ್ಕ್ ಗಾಲಿ ದೋಣಿಯ ಹಾಯಿಯಂತೆ ಕೆಲಸ ಮಾಡಿ ಎಳೆತ ಇನ್ನೂ ಇಳಿಯುತ್ತದೆ. ಆದರೆ ಅದೇ ಗಾಳಿ ಮುಂದಿನ ಮುಚ್ಚಿದ ಗಾಲಿಯನ್ನು ಹಿಡಿದು ಹ್ಯಾಂಡಲ್ ಕಸಿಯುತ್ತದೆ. ಬಯಲಿನ ರಸ್ತೆ ಓಟಗಳಲ್ಲಿ ಡಿಸ್ಕ್ ಅನ್ನು ಹಿಂದೆ ಮಾತ್ರ ಹಾಕುವುದು ಇದಕ್ಕೇ. ಎಲ್ಲರೂ ಒಟ್ಟಿಗೆ ಓಡುವ ಗುಂಪಿನ ಓಟದಲ್ಲಿ ಡಿಸ್ಕ್ ಗಾಲಿಗೆ ಅನುಮತಿಯೇ ಇಲ್ಲ.

1995ರಲ್ಲಿ ಬ್ರಿಟನ್ನಿನ ಸಂಶೋಧಕರು ಹಲವು ನಮೂನೆಯ ಗಾಲಿಗಳನ್ನು ಸುರಂಗದಲ್ಲಿಟ್ಟು ನೋಡಿ ಒಂದು ಲೆಕ್ಕ ಕೊಟ್ಟರು. ಸವಾರ, ಸೈಕಲ್ ಸೇರಿ ಒಟ್ಟು ಎಳೆತದಲ್ಲಿ ಗಾಲಿಗಳ ಪಾಲು ಶೇ 10ರಿಂದ 15. ಒಳ್ಳೆಯ ಗಾಲಿ ಹಾಕಿದರೆ ಆ ಪಾಲಿನಲ್ಲಿ ಕಾಲು ಭಾಗ ಉಳಿಯಬಹುದು. ಒಟ್ಟಿನಲ್ಲಿ ಉಳಿಯುವುದು ಶೇ 2ರಿಂದ 3. ಉಳಿದ ಎಳೆತದ ದೊಡ್ಡ ಪಾಲು ಸವಾರನ ಮೈಯದ್ದು.

ಈ ಶೇ 2-3 ಚಿಕ್ಕದೇ? ಒಂದು ಗಂಟೆಯ ಒಂಟಿ ಓಟದಲ್ಲಿ ಅದರಿಂದ ಸುಮಾರು ಅರ್ಧ ನಿಮಿಷ ಉಳಿಯುತ್ತದೆ. ಎಂಟು ಸೆಕೆಂಡಿನಲ್ಲಿ ಟೂರ್ ಗೆದ್ದವರಿದ್ದಾರೆ ಎಂದ ಮೇಲೆ ಮೇಲಿನ ಹಂತದಲ್ಲಿ ಅದು ಚಿಕ್ಕದಲ್ಲ. ಸೈಕ್ಲಿಂಗಿನ ತವರು ಎನಿಸಿದ ವಿಜಯಪುರ, ಬಾಗಲಕೋಟೆಯ ಕ್ರೀಡಾ ನಿಲಯಗಳಿಂದ ರಾಷ್ಟ್ರ ಮಟ್ಟಕ್ಕೆ ಏರಿದ ಮಕ್ಕಳಿಗೆ ಅದು ಪದಕದ ಬಣ್ಣ ಬದಲಿಸುವ ಅಂತರ. ಅವರಲ್ಲಿ ಹೆಚ್ಚಿನವರು ಹೊಲದಿಂದ ಬಂದವರು. ಹಾಗಾಗಿ ಆ ಅಪ್ಪನ ಪ್ರಶ್ನೆ ಒಂದೇ ಮನೆಯ ಪ್ರಶ್ನೆಯಲ್ಲ.

ಇಳಿಜಾರಿನ ಪರೀಕ್ಷೆ

ಕೊನೆಗೆ ಕೈಲ್ ಮೇಷ್ಟ್ರ ದಾರಿ ಹಿಡಿದೆವು. ಹುಡುಗನ ಊರ ಹತ್ತಿರ ವಾಹನ ಓಡಾಡದ ಹಳೇ ರಸ್ತೆ ಇದೆ. ಒಂದು ಇಳಿಜಾರು, ಮುಂದೆ ಸಮತಟ್ಟು. ಎಲೆ ಅಲುಗದ ಬೆಳಗಿನ ಐದೂವರೆಗೆ ಹೋದೆವು. ಮೇಲೆ ಸುಣ್ಣದ ಗೆರೆ ಎಳೆದೆವು. ಅಲ್ಲಿಂದ ತುಳಿಯದೆ ಬಿಡಬೇಕು, ಬ್ರೇಕ್ ಹಿಡಿಯಬಾರದು, ನಿಂತಲ್ಲಿ ಕಲ್ಲು ಇಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದೂ ಮೂರು ಸಲ.

ಎದ್ದು ಕೂತು ಬಿಟ್ಟ. ಬಗ್ಗಿ, ಮೊಣಕೈ ಒಳಗೆ ಮಾಡಿ ಬಿಟ್ಟ. ಬಗ್ಗಿದಾಗ ಮೂರೂ ಸಲ ಕಲ್ಲು ಎಷ್ಟೋ ಹೆಜ್ಜೆ ಮುಂದೆ ಬಿತ್ತು. ದೂರದಿಂದಲೇ ಕಾಣುವಷ್ಟು. ಟೈರಿನ ಹವಾ ಅರ್ಧ ಇಳಿಸಿ ಬಿಟ್ಟ. ಕಲ್ಲು ಸಾಕಷ್ಟು ಹಿಂದೆ ಉಳಿಯಿತು.

ಆಮೇಲೆ ಹಳೇ ಫ್ಲೆಕ್ಸ್ ಬ್ಯಾನರ್ ಕತ್ತರಿಸಿ ಹಿಂದಿನ ಗಾಲಿಗೆ ಎರಡೂ ಕಡೆ ಬಿಗಿದೆವು. ಬಡವರ ಡಿಸ್ಕ್ ಗಾಲಿ. ಯಾರದೋ ಹುಟ್ಟುಹಬ್ಬದ ಶುಭಾಶಯ ಅದರ ಮೇಲೆ ತಿರುಗುತ್ತಿತ್ತು. ಒಂದು ಸಲ ಮುಂದೆ ಹೋಯಿತು, ಒಂದು ಸಲ ಹಿಂದೆ, ಒಂದು ಸಲ ಮೊದಲಿನ ಕಲ್ಲಿನ ಹತ್ತಿರವೇ ನಿಂತಿತು. ಅಂದರೆ ಫ್ಲೆಕ್ಸ್ ಉಪಯೋಗವಿಲ್ಲ ಎಂದಲ್ಲ. ಅಷ್ಟು ಸಣ್ಣ ಅಂತರ ಹಿಡಿಯುವಷ್ಟು ನಮ್ಮ ಕಲ್ಲಿನ ತಕ್ಕಡಿ ಸೂಕ್ಷ್ಮವಲ್ಲ. ಸುರಂಗ ಏಕೆ ಬೇಕು ಎಂದು ಅವತ್ತು ನಮಗೆ ತಿಳಿಯಿತು. ರೈಟ್ ಸಹೋದರರು ಬೀದಿ ಬಿಟ್ಟು ಪೆಟ್ಟಿಗೆಗೆ ಹೋದದ್ದೂ ಇದಕ್ಕೇ.

ಹುಡುಗ ಕಲ್ಲುಗಳನ್ನು ನೋಡುತ್ತಾ ನಿಂತಿದ್ದ. ‘ಬಗ್ಗೂದಕ್ಕ ರೊಕ್ಕ ಬೇಕಾಗಿಲ್ಲ’ ಎಂದ. ಅಪ್ಪ ಏನೂ ಮಾತಾಡಲಿಲ್ಲ. ಸಂಜೆ ಫೋನ್ ಮಾಡಿ ಎಮ್ಮೆ ಮಾರುವುದಿಲ್ಲ ಎಂದು ಹೇಳಿದರು.

ಅವನು ಮುಂದೆ ದೊಡ್ಡ ಓಟಗಳಿಗೆ ಹೋದರೆ ಒಳ್ಳೆಯ ಗಾಲಿ ಬೇಕಾಗುತ್ತದೆ. ಅದನ್ನು ಕೊಡಿಸುವುದು ಒಂದು ಎಮ್ಮೆಯ ಹೆಗಲಿಗೆ ಬೀಳಬಾರದು. ಕ್ರೀಡಾ ನಿಲಯಕ್ಕೆ ಆಯ್ಕೆಯಾದ ಮಕ್ಕಳಿಗೆ ಓಟದ ದಿನ ಹಂಚಿಕೊಳ್ಳಲು ಕೆಲವು ಜೋಡಿ ಗಾಲಿ ಜಿಲ್ಲೆಗೊಂದು ಕಡೆ ಇದ್ದರೆ ಸಾಕು. ಬೆಂಗಳೂರಿನ ಸುರಂಗಗಳಿಗೂ ನಮ್ಮ ಭಾಗದ ಓಟಗಾರರಿಗೂ ನಂಟು ಬೆಳೆದರೆ ಇನ್ನೂ ಒಳ್ಳೆಯದು.

ನಿಮ್ಮ ಮನೆಯಲ್ಲೂ ಸೈಕಲ್ ಹುಚ್ಚಿನ ಮಕ್ಕಳಿರಬಹುದು. 2006-07ರಲ್ಲಿ ಶುರುವಾದ ಯೋಜನೆಯಲ್ಲಿ 8ನೇ ಕ್ಲಾಸಿನಲ್ಲಿ ಸಿಕ್ಕ ಸೈಕಲ್ ಇನ್ನೂ ಅಂಗಳದಲ್ಲಿ ನಿಂತಿರಬಹುದು. ಗಾಲಿ ಕೊಳ್ಳುವ ಮೊದಲು ಟೈರಿಗೆ ಹವಾ ಸರಿಯಾಗಿ ಹಾಕಿಸಿ. ಶಾಲೆಗೆ, ಹೊಲಕ್ಕೆ ಹೋಗುವ ನಿಧಾನದ ವೇಗದಲ್ಲಿ ಗಾಳಿಗಿಂತ ಸಡಿಲ ಟೈರೇ ಹೆಚ್ಚು ಎಳೆಯುತ್ತದೆ. ಎದುರುಗಾಳಿ ಇದ್ದರೆ ಸ್ವಲ್ಪ ಬಗ್ಗಿ. ಪರೀಕ್ಷೆ ಮಾಡುವುದಾದರೆ ವಾಹನ ಬಾರದ ದಾರಿ ಹುಡುಕಿ, ಮುಂದಿನ ಗಾಲಿಯನ್ನು ಮಾತ್ರ ಎಂದೂ ಮುಚ್ಚಬೇಡಿ.

ಬ್ರಹ್ಮಪುರದ ಮಿಸ್ತ್ರಿಗೆ ಈ ಕಥೆಯೆಲ್ಲ ಹೇಳಿದೆವು. ಗಾಲಿ ತಿರುಗಿಸುತ್ತಾ ಕೇಳಿದರು. ಕಡ್ಡಿಯಿಂದ ವಿಮಾನದ ತಕ್ಕಡಿ ಮಾಡಿದ್ದರು ಎಂದಾಗ ಕೈ ನಿಲ್ಲಿಸಿದರು. ‘ಹಂಗಾದ್ರ ಅವ್ರೂ ನಮ್ಮವರೇ ಅಲ್ಲೇನ್ರಿ’ ಎಂದು ನಕ್ಕು, ಮತ್ತೆ ಕಡ್ಡಿ ಮೀಟಿದರು.